ಆಸ್ಟ್ರೇಲಿಯಾದಲ್ಲಿ ಕಾಂಗರೂಗಳನ್ನು ಯಾರು ಬೇಕಾದರೂ ಬೇಟೆಯಾಡಬಹುದೇ?

ಇಲ್ಲ. ಸಂಖ್ಯೆ ಕೋಟಿಗಳಲ್ಲಿದ್ದರೂ ಕಾಂಗರೂ ಅಲ್ಲಿ ಕಾನೂನಿನ ರಕ್ಷಣೆಯಿರುವ ಪ್ರಾಣಿ. ಮೇವು, ಬೆಳೆ ಹಾಳಾಗುತ್ತಿದೆ ಎನ್ನುವ ರೈತನೂ ಸಾಮಾನ್ಯವಾಗಿ ರಾಜ್ಯ ಸರ್ಕಾರದ ಪರವಾನಗಿ ಪಡೆದೇ ಕೊಲ್ಲಬೇಕು.

ಮಾಂಸ, ಚರ್ಮದ ವ್ಯಾಪಾರಕ್ಕೆ ನಿಯಮ ಇನ್ನೂ ಬಿಗಿ. ಕೆಂಪು ಕಾಂಗರೂ, ಎರಡು ಬಗೆಯ ಬೂದು ಕಾಂಗರೂ ಮತ್ತು ಕಾಂಗರೂವಿನದೇ ಇನ್ನೊಂದು ಬಗೆಯಾದ ವಾಲರೂ, ಮುಖ್ಯವಾಗಿ ಈ ನಾಲ್ಕಕ್ಕೇ ಅವಕಾಶ. ಹಲವೆಡೆ ಆಕಾಶದಿಂದ ಎಣಿಕೆ ನಡೆಸಿ, ಅಂದಾಜು ಸಂಖ್ಯೆಯ ಸುಮಾರು ಶೇ. 15–20ರಷ್ಟನ್ನು ವರ್ಷದ ಮಿತಿಯಾಗಿ ಗೊತ್ತುಮಾಡುತ್ತಾರೆ. ಗುರಿ ಪರೀಕ್ಷೆಯಲ್ಲಿ ಪಾಸಾದ ಬೇಟೆಗಾರ ರಾತ್ರಿ ಸ್ಪಾಟ್‌ಲೈಟ್ ಬೆಳಕಿನಲ್ಲಿ, ನಿಂತಿರುವ ಪ್ರಾಣಿಯ ತಲೆಗೇ ಗುಂಡಿಡಬೇಕು. ಪ್ರತಿ ಕಳೇಬರಕ್ಕೂ ನಂಬರಿನ ಟ್ಯಾಗ್ ಕಟ್ಟಬೇಕು. ತಲೆ ಬಿಟ್ಟು ಬೇರೆಡೆ ಗುಂಡು ತಗುಲಿದ್ದನ್ನು ಮಾರುವಂತಿಲ್ಲ.

ನನಗೆ ಅತ್ಯಂತ ಸಂಕಟವೆನಿಸುವುದು ಮರಿಗಳ ವಿಚಾರ. ತಾಯಿ ಸತ್ತ ಕೂಡಲೇ ಚೀಲದೊಳಗೆ ಕೈಹಾಕಿ ನೋಡಿ, ಮರಿಯಿದ್ದರೆ ಅದನ್ನೂ ನರಳದಂತೆ ಕೊಲ್ಲಬೇಕೆಂದು ನೀತಿಸಂಹಿತೆಯೇ ಹೇಳುತ್ತದೆ. ಬಿಟ್ಟರೆ ಹಸಿವಿನಿಂದ ಸಾಯುತ್ತದೆ ಎಂಬುದು ಕಾರಣ. ಕತ್ತಲಲ್ಲಿ, ದೂರದ ಬಯಲಿನಲ್ಲಿ ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವವರು ವಿರಳ. ಅಲ್ಲಿನ ಪ್ರಾಣಿದಯಾ ಸಂಘಟನೆಗಳ ಆಕ್ಷೇಪವೂ ಇದೇ, ಅದು ನ್ಯಾಯವಾದದ್ದು.

ಕ್ಯಾನ್ಬೆರಾದಲ್ಲಿ ಮಾತ್ರ ಉದ್ದೇಶ ಬೇರೆ: ಅತಿಯಾದ ಮೇಯುವಿಕೆಯಿಂದ ಹುಲ್ಲುಗಾವಲನ್ನೂ ಅದನ್ನೇ ನಂಬಿದ ಅಪರೂಪದ ಹಲ್ಲಿಗಳನ್ನೂ ಉಳಿಸಲು, ಮೀಸಲು ಪ್ರದೇಶಗಳನ್ನು ಜನರಿಗೆ ಮುಚ್ಚಿ ಸರ್ಕಾರವೇ ಕಾಂಗರೂಗಳ ಸಂಖ್ಯೆ ತಗ್ಗಿಸುತ್ತದೆ.