ಜುಲೈವರೆಗೆ ಇದ್ದರೂ ಮಾರ್ಚ್‌ಗೆ ಸಾಲದು

ಮಾರ್ಚ್‌ನಲ್ಲಿ ಸಿಂಗಪುರಕ್ಕೆ ಹೊರಟಿದ್ದೇನೆ, ಪಾಸ್‌ಪೋರ್ಟ್ ಜುಲೈವರೆಗೆ ಇದೆ, ಸಾಕಾ ಅಂತ ಕೇಳಿದ್ದೀರಿ. ಸಾಲದು. ಅಲ್ಲಿ ಇಳಿಯುವ ದಿನಕ್ಕೆ ಕನಿಷ್ಠ 6 ತಿಂಗಳ ವ್ಯಾಲಿಡಿಟಿ ಉಳಿದಿರಬೇಕು. ಇಲ್ಲದಿದ್ದರೆ ದೇವನಹಳ್ಳಿಯ ಚೆಕ್‌-ಇನ್ ಕೌಂಟರಿನಲ್ಲೇ ನಿಲ್ಲಿಸಿಬಿಡುತ್ತಾರೆ.

ಪಾಸ್‌ಪೋರ್ಟ್ ಸೇವಾ ಸೈಟಿನಲ್ಲಿ ಈಗಲೇ ರೀ-ಇಶ್ಯೂಗೆ ಅರ್ಜಿ ಹಾಕಿ. ಬೆಂಗಳೂರಿನ ಲಾಲ್‌ಬಾಗ್ ರಸ್ತೆ, ಮಾರತ್ತಹಳ್ಳಿ ಎರಡೂ ಪಾಸ್‌ಪೋರ್ಟ್ ಕೇಂದ್ರಗಳಲ್ಲಿ ಸ್ಲಾಟ್ ನೋಡಿ. 36 ಪುಟದ್ದಕ್ಕೆ 1500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2000 ಜಾಸ್ತಿ. ಮನೆ ಬದಲಾಗಿದ್ದರೆ ಈಗಿರುವ ವಿಳಾಸವನ್ನೇ ಕೊಡಿ. ಬಾಡಿಗೆ ಮನೆಯಲ್ಲಿರುವವರು ಎಡವುವುದು ಇಲ್ಲೇ: ಹಳೇ ವಿಳಾಸ ಕೊಟ್ಟರೆ ಪೊಲೀಸರು ವಿಚಾರಿಸಲು ಹಳೇ ಮನೆಗೆ ಹೋಗುತ್ತಾರೆ, ಫೈಲು ಸುಮ್ನೆ ಕೂರುತ್ತದೆ.

ವೀಸಾಗೆ ಮಾತ್ರ ಈಗ ಅವಸರ ಬೇಡ. ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಅರ್ಜಿ ಹಾಕಿ; ಅದರ ನಂಬರೇ ಬೇರೆ, ಅಲ್ವಾ? ಟಿಕೆಟಿಗೆ ಹಳೇ ನಂಬರ್ ಕೊಟ್ಟಿದ್ದರೆ ಆಮೇಲೆ ಏರ್‌ಲೈನ್ ಸೈಟಿನಲ್ಲಿ ಬದಲಾಯಿಸಿಕೊಳ್ಳಿ.