ನೀಲಗಿರಿ ತೋಪಿನಲ್ಲಿ ಏಳುವ ಉಂಡೆ ಅಣಬೆ ಮರಕ್ಕೆ ರೋಗವೇ?

ಅಲ್ಲ, ಅದು ಮರದ ಜೊತೆಗಾರ. ಕೋಲಾರದ ಕಡೆ ಮಳೆಯಾದ ಮೇಲೆ ನೀಲಗಿರಿ ಬುಡದಲ್ಲಿ ಏಳುವ, ಒಡೆದರೆ ಕಂದು ಪುಡಿ ಹಾರುವ ಉಂಡೆಗಳು ಸಾಮಾನ್ಯವಾಗಿ ಇಂಥ ಜೊತೆಗಾರ ಅಣಬೆಗಳೇ. ಹೊರಗೆ ಕಾಣುವುದು ಬೀಜಕಣ ಹರಡುವ ಭಾಗ ಮಾತ್ರ. ಉಳಿದ ಮೈಯೆಲ್ಲ ಮಣ್ಣೊಳಗೆ ಎಳೆ ಎಳೆಯಾಗಿದೆ.

ಆ ಎಳೆಗಳು ಬೇರಿನ ತುದಿಯನ್ನು ಕಾಲುಚೀಲದಂತೆ ಮುಚ್ಚುತ್ತವೆ. ಬಗೆದು ನೋಡಿ, ಅಂಥ ತುದಿ ಗಿಡ್ಡವಾಗಿ, ದಪ್ಪಗಿರುತ್ತದೆ. ಬೇರಿಗಿಂತ ಎಳೆ ತುಂಬಾ ಸಣ್ಣ ಅಲ್ವಾ? ಬೇರು ನುಗ್ಗಲಾಗದ ಸಂದಿಗೂ ಹೋಗಿ ರಂಜಕ, ನೀರು ತರುತ್ತದೆ. ಬದಲಿಗೆ ಮರ ಎಲೆಯಲ್ಲಿ ಮಾಡಿದ ಸಕ್ಕರೆ ಕೊಡುತ್ತದೆ. ನಮ್ಮ ಬಡ ಕೆಂಪು ಮಣ್ಣಿನಲ್ಲಿ ಇದು ದೊಡ್ಡ ಆಸರೆ.

ಸುಮ್ನೆ ಕಿತ್ತು ಹಾಕಬೇಡಿ. ತಿನ್ನಲೂ ಬೇಡಿ, ಇಂಥ ಉಂಡೆಗಳಲ್ಲಿ ವಿಷದವೂ ಇವೆ.