ಪ್ರತಿದಿನ ಬೈಬಲ್ ಓದುತ್ತೇನೆ, ಆದರೆ ಆ ದಿನದ ಬದುಕಿಗೆ ಬೇಕಾದ ಪಾಠ ಸಿಗುವುದಿಲ್ಲ. ಹೇಗೆ ಓದಬೇಕು?

ನಿಮಗೆ ಪಾಠ ಸಿಗುತ್ತಿಲ್ಲ ಎಂದು ಬೇಜಾರು. ನನಗೆ ದಿನಾ ಸಿಗುತ್ತಿತ್ತು. ತಪ್ಪದೆ, ಬೆಳಿಗ್ಗೆ ಆರೂವರೆಯೊಳಗೆ. ಹಾಗೆ ಸಿಕ್ಕ ಒಂದು ಪಾಠದಿಂದಲೇ ಎರಡೂವರೆ ವರ್ಷ ನನ್ನ ತಮ್ಮ ನನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಉಡುಪಿ ಕಡೆ. ಮುತ್ತಜ್ಜ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ರಾತ್ರಿ ಊಟಕ್ಕೆ ಮೊದಲು ಸತ್ಯವೇದ, ಅಂದರೆ ಬೈಬಲ್, ತೆಗೆದು ಓದುವುದು ಅವರ ಕಾಲದಿಂದ ನಡೆದು ಬಂದದ್ದು. ಆದರೆ ನನಗೆ ಅದು ಸಾಲಲಿಲ್ಲ. ನನ್ನದೇ ಒಂದು ಪದ್ಧತಿ ಬೇಕೆನಿಸಿತು. ಬೈಬಲಿನ ಜ್ಞಾನೋಕ್ತಿಗಳು ಎಂಬ ಪುಸ್ತಕದಲ್ಲಿ 31 ಅಧ್ಯಾಯಗಳಿವೆ, ತಿಂಗಳಿಗೂ ಹೆಚ್ಚೆಂದರೆ 31 ದಿನ. ಹಾಗಾಗಿ ತಾರೀಖು ಯಾವುದೋ ಆ ಅಧ್ಯಾಯ. ಓದಿದ ಮೇಲೆ ಒಂದು ವಚನಕ್ಕೆ ಕೆಂಪು ಗೆರೆ, ನೋಟ್‌ಬುಕ್ಕಿನಲ್ಲಿ ‘ಇಂದಿನ ಪಾಠ’ ಅಂತ ಒಂದು ಸಾಲು. ಈ ಪದ್ಧತಿ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ನಾನು ನಾಲ್ಕು ನೋಟ್‌ಬುಕ್ ತುಂಬಿಸಿದ್ದೆ.

ಒಂದು ತಿಂಗಳ 6ನೇ ತಾರೀಖು ಸಂಜೆ ತಮ್ಮ ಬಂದ. ಅವನದು ಚಿಕ್ಕ ವೆಲ್ಡಿಂಗ್ ಶಾಪ್. ಹೊಸ ಮೆಷಿನ್ ತೆಗೆದುಕೊಳ್ಳಲು ಸೊಸೈಟಿಯಲ್ಲಿ 3 ಲಕ್ಷ ಸಾಲ ಕೇಳಿದ್ದ. ಸಂಬಳ ಬರುವವರೊಬ್ಬರು ಜಾಮೀನು ಹಾಕಬೇಕು ಎಂದಿದ್ದರು. ನಾನು ಶಾಲೆಯೊಂದರಲ್ಲಿ ಗುಮಾಸ್ತ. ನನ್ನ ಸಂಬಳದ ಚೀಟಿ ಮತ್ತು ಒಂದು ಸಹಿ, ಅಷ್ಟೇ ಅವನು ಕೇಳಿದ್ದು.

ಅವತ್ತು ಬೆಳಿಗ್ಗೆ ನಾನು ಓದಿದ್ದು 6ನೇ ಅಧ್ಯಾಯ. ಅದು ಶುರುವಾಗುವುದೇ ಹೊಣೆ ನಿಂತವನಿಗೆ ಎಚ್ಚರಿಕೆ ಹೇಳುತ್ತಾ. ನಿನ್ನ ಮಾತಿನಿಂದಲೇ ಸಿಕ್ಕಿಬಿದ್ದಿದ್ದೀಯ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ ಎನ್ನುತ್ತದೆ. ಕೆಂಪು ಗೆರೆ ಎಳೆದಾಗಿತ್ತು. ‘ಯಾರಿಗೂ ಜಾಮೀನು ನಿಲ್ಲಬಾರದು’ ಎಂದು ಬರೆದೂ ಆಗಿತ್ತು. ಸಂಜೆ ತಮ್ಮ ಬಂದು ಅದನ್ನೇ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ದೇವರು ಮೊದಲೇ ಉತ್ತರ ಕೊಟ್ಟಿದ್ದಾನೆ ಅಂದುಕೊಂಡೆ. ಸತ್ಯವೇದ ತಂದು, ಅವನ ಮುಂದಿಟ್ಟು, ಆ ಐದು ವಚನಗಳನ್ನು ಗಟ್ಟಿಯಾಗಿ ಓದಿದೆ. ಅವನು ಟೀ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಈಗ ನನ್ನ ತಪ್ಪು ಎಲ್ಲಿತ್ತು ಎಂದು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಸಹಿ ಹಾಕಲಿಲ್ಲ ಎಂಬುದು ತಪ್ಪಲ್ಲ. ನನ್ನ ತಲೆ ಮೇಲೆ ಮನೆ ಸಾಲವಿತ್ತು. ‘ನನಗೆ ಹೆದರಿಕೆ ಆಗ್ತಿದೆ, ನನ್ನ ಕೈಲಾಗಲ್ಲ’ ಅಂದಿದ್ದರೆ ಅವನಿಗೆ ನೋವಾಗುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ಅವನು ಸಾಲಕ್ಕೆ ಓಡಾಡುತ್ತಿದ್ದಾನೆ ಎಂದು ಅಮ್ಮ ಹಿಂದಿನ ವಾರವೇ ಹೇಳಿದ್ದಳು. ನನ್ನಲ್ಲಿಗೆ ಬಂದೇ ಬರುತ್ತಾನೆ ಎಂದು ಗೊತ್ತಿತ್ತು. ಇಲ್ಲ ಅನ್ನಲು ಮನಸ್ಸು ಆಗಲೇ ತಯಾರಾಗಿತ್ತು. ಕಣ್ಣು ಆ ವಚನವನ್ನು ಹುಡುಕಿಕೊಂಡು ಹೋಯಿತು. ದಿನಕ್ಕೊಂದು ಪಾಠ ಬೇಕೇ ಬೇಕು ಎಂದು ಕೂತರೆ ಹೀಗೇ ಆಗುತ್ತದೆ. ಅಧ್ಯಾಯದಲ್ಲಿ ಮೂವತ್ತು ಮಾತು ಇರುತ್ತವೆ, ನಮಗೆ ಬೇಕಾದದ್ದಕ್ಕೆ ನಾವು ಗೆರೆ ಎಳೆಯುತ್ತೇವೆ.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ನನ್ನ ನೋಟ್‌ಬುಕ್ಕೇ ಸಾಕ್ಷಿ. ತಮ್ಮ ಬರುವ ಮೂರು ದಿನ ಮೊದಲು, 3ನೇ ತಾರೀಖು ನಾನು ಓದಿದ 3ನೇ ಅಧ್ಯಾಯದಲ್ಲಿ, ನಿನ್ನ ಹತ್ತಿರ ಇರುವಾಗ ನೆರೆಯವನಿಗೆ ‘ಹೋಗಿ ನಾಳೆ ಬಾ’ ಅನ್ನಬೇಡ ಎಂದಿದೆ. ಅದಕ್ಕೆ ಗೆರೆ ಇಲ್ಲ. 11ನೇ ತಾರೀಖು, ಪರರಿಗೆ ಹೊಣೆಯಾದವನು ಕಷ್ಟಪಡುತ್ತಾನೆ ಎಂಬ ವಚನಕ್ಕೆ ದಪ್ಪ ಗೆರೆ. ಪರರಿಗೆ ಎಂದಿದೆ, ಅಲ್ವಾ? 6ನೇ ಅಧ್ಯಾಯದಲ್ಲೂ ಅನ್ಯನ ಮಾತಿದೆ. ನನ್ನ ತಮ್ಮ ಅನ್ಯನೇ? ಇನ್ನು 17ನೇ ತಾರೀಖು. 17ನೇ ಅಧ್ಯಾಯದ 18ನೇ ವಚನ, ಬುದ್ಧಿಯಿಲ್ಲದವನು ಹೊಣೆ ನಿಲ್ಲುತ್ತಾನೆ ಎಂಬುದು. ಅದಕ್ಕೆ ಗೆರೆ ಎಳೆದು ‘ಕರ್ತನಿಗೆ ಸ್ತೋತ್ರ’ ಎಂದು ಬರೆದಿದ್ದೆ. ಅದರ ಮೇಲಿನ ವಚನ, 17:17, ಸಹೋದರ ಹುಟ್ಟಿರುವುದೇ ಆಪತ್ತಿಗಾಗಿ ಎನ್ನುತ್ತದೆ. ಒಂದೇ ಪುಟ, ಒಂದರ ಕೆಳಗೆ ಒಂದು. ಅದನ್ನು ನಾನು ಓದಿಯೇ ಕೆಳಗಿಳಿದಿದ್ದೆ.

ತಮ್ಮ ಕೊನೆಗೆ ಹೆಂಡತಿಯ ಬಳೆ, ಕರಿಮಣಿ ಸರ ಎಲ್ಲ ಒಂದು ಖಾಸಗಿ ಫೈನಾನ್ಸಿನಲ್ಲಿ ಅಡವಿಟ್ಟ. ಬಡ್ಡಿ ಜಾಸ್ತಿ. ಬಿಡಿಸಲು ಆಗಲಿಲ್ಲ, ಹರಾಜಿಗೆ ಹೋಯಿತು. ಎರಡು ಕ್ರಿಸ್‌ಮಸ್‌ಗೆ ಅಮ್ಮ ಎರಡು ತಟ್ಟೆಯಲ್ಲಿ ಕುಸ್ವಾರ್, ಅಂದರೆ ಹಬ್ಬದ ತಿಂಡಿ, ಹಾಕಿ, ಒಂದನ್ನು ಮುಚ್ಚಿಕೊಂಡು ಆಟೋದಲ್ಲಿ ಅವನ ಮನೆಗೆ ಹೋದಳು.

ನನಗೆ ಎಚ್ಚರ ಬಂದದ್ದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡ ಓದುವಾಗ. ಆ ವರ್ಷ ನಮ್ಮ ಸಭಾಪಾಲಕರು ಎಲ್ಲರಿಗೂ ಇಡೀ ಬೈಬಲನ್ನು ಮೊದಲಿನಿಂದ ಓದಲು ಹೇಳಿದ್ದರು. ಒಟ್ಟು 1189 ಅಧ್ಯಾಯಗಳು. ದಿನಕ್ಕೆ ಮೂರೋ ನಾಲ್ಕೋ ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಅಷ್ಟು ಓದುವಾಗ ಪಾಠ ಬರೆಯಲು ಪುರುಸೊತ್ತು ಸಿಗುವುದಿಲ್ಲ. ಸುಮ್ನೆ ಕಥೆಯ ಹಿಂದೆ ಹೋಗಬೇಕು.

43ನೇ ಅಧ್ಯಾಯಕ್ಕೆ ಬಂದೆ. ಬರಗಾಲ. ಧಾನ್ಯಕ್ಕಾಗಿ ಮತ್ತೆ ಐಗುಪ್ತಕ್ಕೆ ಹೋಗಬೇಕು, ಕಿರಿಯವನಾದ ಬೆನ್ಯಾಮೀನನನ್ನು ಕಳಿಸಲು ಅಪ್ಪ ಯಾಕೋಬ ಒಪ್ಪುತ್ತಿಲ್ಲ. ಆಗ ಯೆಹೂದ ಹೇಳುತ್ತಾನೆ, ಅವನಿಗೆ ನಾನು ಹೊಣೆ, ಅವನನ್ನು ತಂದು ನಿನ್ನ ಮುಂದೆ ನಿಲ್ಲಿಸದಿದ್ದರೆ ಆ ದೋಷ ಯಾವಾಗಲೂ ನನ್ನ ಮೇಲಿರಲಿ ಎಂದು. ತಮ್ಮನಿಗೆ ಅಣ್ಣ ಜಾಮೀನು! ಅಲ್ಲೇ ನಿಂತುಬಿಟ್ಟೆ. ಯೋಸೇಫನನ್ನು ಮಾರಿಬಿಡೋಣ ಎಂದು 37ನೇ ಅಧ್ಯಾಯದಲ್ಲಿ ಹೇಳಿದವನೂ ಇದೇ ಯೆಹೂದ. ಒಬ್ಬ ತಮ್ಮನನ್ನು ಮಾರಿದವನು 44ನೇ ಅಧ್ಯಾಯದಲ್ಲಿ, ಈ ಹುಡುಗನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತಾನೆ. ಇದು ಯಾವ ಒಂದು ವಚನದಲ್ಲೂ ಸಿಗುವುದಿಲ್ಲ. ಏಳೆಂಟು ಅಧ್ಯಾಯ ಅವನ ಜೊತೆ ನಡೆದರೆ ಮಾತ್ರ ಕಾಣುತ್ತದೆ.

ಆ ವರ್ಷದ ಕೊನೆಗೆ ಇಬ್ರಿಯರಿಗೆ ಬರೆದ ಪತ್ರಿಕೆಯ 7:22ರಲ್ಲಿ ಯೇಸುವನ್ನೇ ಹೊಣೆಗಾರ ಎಂದು ಕರೆದದ್ದು ಓದಿ ಕಣ್ಣೀರು ಬಂತು. ಆದರೆ ಅಷ್ಟು ಹೊತ್ತಿಗೆ ನಾನು ತಮ್ಮನ ಮನೆಗೆ ಹೋಗಿ ಬಂದಾಗಿತ್ತು. ಆದಿಕಾಂಡ ಮುಗಿದ ವಾರವೇ ಹೋಗಿದ್ದೆ.

ಅವನು ಬಾಗಿಲು ತೆರೆದು, ಕೂತುಕೋ ಎಂದ. ನಾನು ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: ‘ಅಣ್ಣ, ಸಹಿ ಹಾಕಲಿಲ್ಲ ಅಂತ ನನಗೆ ಸಿಟ್ಟಿಲ್ಲ. ನೀನು ಹೇಳಬೇಕಾದ್ದನ್ನು ದೇವರ ಬಾಯಲ್ಲಿ ಹೇಳಿಸಿದೆ. ಆವತ್ತಿಂದ ಆ ಪುಸ್ತಕ ತೆಗೆದರೆ ನಿನ್ನ ಧ್ವನಿಯೇ ಕೇಳಿಸುತ್ತೆ. ಓದೋದೇ ಬಿಟ್ಟೆ.’

ಬಂಗಾರ ಹೋದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಹಾಗಾಗಿ ನಿಮಗೆ ನಾನು ಹೇಳುವುದು: ದಿನಕ್ಕೊಂದು ಪಾಠ ಹುಡುಕುವುದನ್ನು ಬಿಟ್ಟುಬಿಡಿ. ಸಿಗುತ್ತಿಲ್ಲ ಎಂದು ಕೊರಗಬೇಡಿ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಚೀಟಿ ಎತ್ತುವ ವಾಗ್ದಾನ ವಚನವನ್ನೂ ನಾನು ಈಗ ಅದರ ಇಡೀ ಅಧ್ಯಾಯ ಓದದೆ ಗೋಡೆಗೆ ಅಂಟಿಸುವುದಿಲ್ಲ. ವಚನದ ಮುಂದಿರುವ ಸಂಖ್ಯೆ ಹೊಸ ಒಡಂಬಡಿಕೆಯ ಎಷ್ಟೋ ಪತ್ರಗಳನ್ನು ಬರೆದ ಪೌಲ ಹಾಕಿದ್ದಲ್ಲ. ಹೊಸ ಒಡಂಬಡಿಕೆಯಲ್ಲಿ ಈಗ ನಾವು ನೋಡುವ ವಚನ ಸಂಖ್ಯೆಗಳನ್ನು ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಹುಡುಕಲು ಸುಲಭವಾಗಲಿ ಎಂದು ಇರುವ ಗುರುತುಗಳು ಅವು. ಕತ್ತರಿಸಿ ತೆಗೆಯಲು ಎಳೆದ ಗೆರೆಗಳಲ್ಲ.

ಒಂದು ಪುಸ್ತಕವನ್ನು ಪೂರ್ತಿ ಓದಿ. ಫಿಲೆಮೋನನಿಗೆ ಬರೆದ ಪತ್ರದಿಂದ ಶುರುಮಾಡಿ, ಬರೀ 25 ವಚನ, ಐದು ನಿಮಿಷ ಸಾಕು. ಫಿಲೆಮೋನನ ದಾಸ ಒನೇಸಿಮನ ಪರವಾಗಿ ಬರೆದದ್ದು ಅದು. ಅವನು ನಿನಗೆ ಏನಾದರೂ ಕೊಡಬೇಕಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಪೌಲ ಸ್ವಂತ ಕೈಯಿಂದ ಬರೆಯುತ್ತಾನೆ. ಅದನ್ನು ಒಂದೇ ಸಲಕ್ಕೆ ಓದಿ, ಮರುದಿನವೂ ಅದನ್ನೇ ಓದಿ.

ಇನ್ನೊಂದು ಮಾತು, ಇದರಲ್ಲಿ ನನ್ನದು ಹಟವೇ. ಬೆಳಿಗ್ಗೆ ಓದಿದ್ದನ್ನು ಅದೇ ದಿನ ಇನ್ನೊಬ್ಬರಿಗೆ ಹೇಳಬೇಡಿ. ಹೆಂಡತಿಗೂ ಬೇಡ, ಮಕ್ಕಳಿಗೂ ಬೇಡ, ಮನೆಯವರ ವಾಟ್ಸಾಪ್ ಗುಂಪಿಗೂ ಬೇಡ. ಹೊಸ ಒಡಂಬಡಿಕೆಯ ಯಾಕೋಬನ (ಬೆನ್ಯಾಮೀನನ ಅಪ್ಪನಲ್ಲ, ಬೇರೆ ಯಾಕೋಬ) ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ದೇವರ ವಾಕ್ಯವನ್ನು ಕನ್ನಡಿಗೆ ಹೋಲಿಸಿದ್ದಾನೆ. ಅಲ್ಲಿ ಮನುಷ್ಯ ನೋಡಿಕೊಳ್ಳುವುದು ತನ್ನ ಮುಖವನ್ನು.

ತಮ್ಮ ಈಗ ಭಾನುವಾರ ಸಂಜೆ ಬರುತ್ತಾನೆ. ಬರಲು ಶುರುಮಾಡಿ ಒಂದು ವರ್ಷವಾದ ಮೇಲೆ, ಅವನೇ ಸತ್ಯವೇದ ಎತ್ತಿಕೊಂಡು ‘ಎಲ್ಲಿಂದ?’ ಎಂದು ಕೇಳಿದ. ಮೊದಲಿನಿಂದ ಅಂದೆ. ಈಗ ನಾಲ್ಕನೇ ಪುಸ್ತಕ ಅರಣ್ಯಕಾಂಡದಲ್ಲಿದ್ದೇವೆ. ಕಳೆದ ವಾರ 7ನೇ ಅಧ್ಯಾಯ, 89 ವಚನ. 12 ಕುಲದ ಮುಖ್ಯಸ್ಥರು ದಿನಕ್ಕೊಬ್ಬರಂತೆ ಒಂದೇ ಥರದ ಕಾಣಿಕೆ ತರುತ್ತಾರೆ, ಬೆಳ್ಳಿಯ ತಟ್ಟೆಯಿಂದ ಕುರಿಮರಿಗಳವರೆಗೆ ಒಂದೇ ಪಟ್ಟಿ 12 ಸಲ ಬರುತ್ತದೆ. ಅವನು ಒಂದನ್ನೂ ಬಿಡದೆ ಗಟ್ಟಿಯಾಗಿ ಓದಿದ. ಅಮ್ಮ ಕೈಮುಗಿದು ಕೇಳುತ್ತಾ ಕೂತಿದ್ದಳು. ಮುಗಿದ ಮೇಲೆ ಯಾರೂ ಏನೂ ಹೇಳಲಿಲ್ಲ. ಟೀ ಕುಡಿದೆವು, ಅವನು ಪೂರ್ತಿ ಲೋಟ ಖಾಲಿ ಮಾಡಿ ಹೊರಟ.